ಮಾತೆಯ ಮುಂದಿನ ಮನೆ

ಮಾತೆಯ ಪೆಟ್ಟಿಗೆ ಊಟದ ಕೋಣೆಯ ಬೀರುವಿನ ಮೇಲೆ ಬಂದು ಕೂತು ಇವತ್ತಿಗೆ ಮೂರು ದಿನವಾಗಿತ್ತು. ಕೂರಬೇಕಾದದ್ದು ಒಂದೇ ದಿನ. ಇಂದು ಬೆಳಿಗ್ಗೆ ಒಂದು ಮನೆಗೆ ಬಂದರೆ ನಾಳೆ ಬೆಳಿಗ್ಗೆ ಮುಂದಿನ ಮನೆಗೆ. ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿದ ಯಾದಿಯಲ್ಲಿ ಯಾರ ಹೆಸರಿನ ಕೆಳಗೆ ಯಾರ ಹೆಸರಿದೆಯೋ ಆ ಪ್ರಕಾರ, ಮಳೆ ಇರಲಿ, ಹಿಮ ಇರಲಿ, ಮನೆಯಲ್ಲಿ ಹೆರಿಗೆ ಇರಲಿ. ಅಬಿಲಿಯೊ ಅದಕ್ಕೆ ಬೆನ್ನು ಹಾಕಿ ಕೂತು ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದುತ್ತಿದ್ದ. ಬೆನ್ನು ಹಾಕಿದ್ದೇನೆ ಎಂಬುದು ಬೆನ್ನಿಗೇ ಗೊತ್ತಾಗುತ್ತಿತ್ತು. ಮೊಳದುದ್ದದ ಮರದ ಪೆಟ್ಟಿಗೆ, ಮೇಲೊಂದು ಹಿಡಿಕೆ, ಮುಂದೆ ಎರಡು ಪುಟ್ಟ ಬಾಗಿಲು. ತೆರೆದರೆ ಗಾಜು, ಗಾಜಿನ ಹಿಂದೆ ನೀಲಿ ಸೆರಗಿನ ದೇವಮಾತೆಯ ಪ್ರತಿಮೆ, ಅವಳ ಮುಂದೆ ಎಣ್ಣೆಯಲ್ಲಿ ತೇಲುವ ಬತ್ತಿ. ಮೂರು ದಿನದಿಂದ ಬತ್ತಿ ಬದಲಿಸಿದವಳು ಕಾಸಿಲ್ದಾ, ಅವನ ಹೆಂಡತಿ, ಅದೂ ಊರುಗೋಲು ಊರಿಕೊಂಡು ಬಂದು, ಪ್ರತಿ ಸಲವೂ ಅಗತ್ಯಕ್ಕಿಂತ ತುಸು ಜೋರಾಗಿ ನರಳಿ. ಅವಳ ಮಂಡಿಯ ಆಪರೇಷನ್ ಆಗಿ ಎರಡು ವಾರವಾಗಿತ್ತು.

"ಇನ್ನೊಂದು ದಿನ ಇಟ್ಕೋ," ಎಂದಳು ಕಾಸಿಲ್ದಾ, ಕಾಲನ್ನು ಎದುರು ಕುರ್ಚಿಯ ಮೇಲೆ ಚಾಚಿಕೊಂಡು. "ಆಮೇಲೆ ಆಕೆಗೂ ರೇಷನ್ ಕಾರ್ಡ್ ಮಾಡಿಸೋಣ."

"ಹನ್ನೊಂದಕ್ಕೆ ಜನ ಬರ್ತಾರೆ. ಇಗರ್ಜಿ ತೆಗೀಬೇಕು."

"ನಿನ್ನೆ ಮಳೆ. ಮೊನ್ನೆ ಸೊಂಟ. ಇವತ್ತು ಜನ. ಒನೆಸಿಮಾ ನಿನ್ನನ್ನ ತಿಂದುಬಿಡಲ್ಲ ಮಾರಾಯ, ಅವಳಿಗೆ ಹಲ್ಲೇ ಇಲ್ಲ."

ಒನೆಸಿಮಾ ಯಾದಿಯಲ್ಲಿ ಕಾಸಿಲ್ದಾಳ ಹೆಸರಿನ ಕೆಳಗಿನ ಕೆಳಗಿನವಳು. ಇಬ್ಬರ ನಡುವೆ ಉರ್ಬಾನಾ ಚಿಕ್ಕಮ್ಮನ ಹೆಸರಿತ್ತು. ಉರ್ಬಾನಾ ಚಿಕ್ಕಮ್ಮನ ಮನೆ ಪಕ್ಕದ್ದೇ. ಕಾಸಿಲ್ದಾ ಹಿತ್ತಲಿನ ಗೋಡೆಯ ಮೇಲಿಂದಲೇ ಪೆಟ್ಟಿಗೆ ದಾಟಿಸುತ್ತಿದ್ದಳು, ಜೊತೆಗೆ ನಾಲ್ಕು ಕೋಳಿಮೊಟ್ಟೆಯನ್ನೋ ಒಂದಿಷ್ಟು ಚಾಡಿಯನ್ನೋ. ಮರುದಿನ ಉರ್ಬಾನಾ ಅದನ್ನು ಮೇಲಿನ ಕೇರಿಗೆ, ಒನೆಸಿಮಾಳ ಮನೆಗೆ ಒಯ್ಯುತ್ತಿದ್ದಳು. ಹೀಗಾಗಿ ಏಳು ವರ್ಷಗಳಿಂದ ಅಬಿಲಿಯೊನ ಮನೆಯಿಂದ ಹೊರಟದ್ದು ಒನೆಸಿಮಾಳ ಮನೆ ಮುಟ್ಟುತ್ತಿದ್ದರೂ ನಡುವೆ ಒಬ್ಬ ಮುದುಕಿಯ ಕೈ ಇತ್ತು. ಹನ್ನೆರಡು ದಿನದ ಹಿಂದೆ ಉರ್ಬಾನಾ ಚಿಕ್ಕಮ್ಮ ಬೀನ್ಸ್ ಬಿಡಿಸುತ್ತಾ ಕೂತಲ್ಲೇ ತೀರಿಹೋದಳು. ಮಣ್ಣು ಮಾಡುವಾಗ ಅಬಿಲಿಯೊ ನಿಜವಾಗಿಯೇ ಅತ್ತ; ಅಳುವಾಗ ಮನಸ್ಸಿನ ಯಾವುದೋ ಮೂಲೆ ಯಾದಿಯ ಲೆಕ್ಕ ಹಾಕುತ್ತಿರುವುದು ಅವನಿಗೆ ಕಾಣಿಸಿ, ಅಳು ಅಲ್ಲಿಗೇ ನಿಂತುಹೋಯಿತು. ಮೂವತ್ತು ಹೆಸರುಗಳಲ್ಲಿ ಇಪ್ಪತ್ತಕ್ಕೆ ಈಗ ಗೆರೆ. ಸತ್ತವರ ಹೆಸರಿನ ಮೇಲೆ ಗೆರೆ ಎಳೆಯುವುದು ಆ ದಿನ ಪೆಟ್ಟಿಗೆ ಯಾರ ಮನೆಯಲ್ಲಿರುತ್ತದೋ ಅವರ ಕೆಲಸ. ಉರ್ಬಾನಾಳ ಮೇಲೆ ಯಾರೋ ಸ್ಕೇಲಿಡದೆ ಎಳೆದಿದ್ದರು. ಗೆರೆ ಕೊನೆಯಲ್ಲಿ ಕೆಳಗಿಳಿದು ಒನೆಸಿಮಾಳ ಹೆಸರಿನ ಮೊದಲ ಅಕ್ಷರವನ್ನು ಮುಟ್ಟಿತ್ತು. ಇಪ್ಪತ್ತೊಂಬತ್ತು ವರ್ಷ ಬಿಸ್ಕತ್ ಕಾರ್ಖಾನೆಯಲ್ಲಿ ಮುರಿದ, ಸೊಟ್ಟಗಾದ, ಅಂಚು ಸೀದ ಬಿಸ್ಕತ್ತುಗಳನ್ನು ಬೇರ್ಪಡಿಸುವ ವಿಭಾಗದ ಮೇಲ್ವಿಚಾರಕನಾಗಿದ್ದ ಅಬಿಲಿಯೊನಿಗೆ ಆ ಗೆರೆಯನ್ನು ನೋಡಿದಾಗಲೆಲ್ಲ ಕೈ ಕಡಿಯುತ್ತಿತ್ತು.

ಅವನು ಬಟನ್ ಹಾಕಿದ ಉಣ್ಣೆಯ ಅಂಗಿಯ ಮೇಲೆ 'ಮಾರ್ಗದರ್ಶಿ' ಎಂಬ ಬಿಲ್ಲೆ ಸಿಕ್ಕಿಸಿಕೊಂಡು, ಊರಿನ ಹಳೆಯ ಚರ್ಚಾದ ಇಗರ್ಜಿಯ ಬೀಗದಕೈಯನ್ನು ಜೇಬಿಗಿಳಿಸಿ ಹೊರಬಿದ್ದ. ಬೀಗದಕೈ ಒಂದು ಗೇಣಿನದು. ಜೇಬು ಅದರ ಕಡೆಗೇ ವಾಲಿ ವಾಲಿ ಅವನ ನಡಿಗೆಯೂ ಈ ಏಳು ವರ್ಷದಲ್ಲಿ ಬಲಕ್ಕೆ ತುಸು ವಾಲಿತ್ತು. ಅಕ್ಟೋಬರ್‌ನ ಬಿಸಿಲು, ತೆಳ್ಳಗೆ, ನೀರು ಹಾಕಿದ ಹಾಲಿನಂತೆ. ಹೊಳೆಯ ಉದ್ದಕ್ಕೂ ಪಾಪ್ಲರ್ ಮರಗಳು ಹಳದಿ ತಿರುಗಿದ್ದವು. ಆಚೆ ಗೋಧಿ ಕೊಯ್ದ ಗದ್ದೆಗಳು, ಅವುಗಳಾಚೆ ಬೋಳು ಗುಡ್ಡ, ಗುಡ್ಡದಾಚೆ ಈಗಾಗಲೇ ಹಿಮದ ಸುಳಿವು ಹೊತ್ತ ಉತ್ತರದ ಬೆಟ್ಟಗಳು. ಪಾಲೆನ್ಸಿಯಾ ಪ್ರಾಂತ್ಯಕ್ಕೆ ಯಾರೂ ಬರುವುದಿಲ್ಲ. ಬರುವವರು ಸಾನ್ತಾಂದೆರ್‌ನ ಸಮುದ್ರಕ್ಕೆ ಹೋಗುವವರು, ದಾರಿಯಲ್ಲಿ ಹಸಿವಾಗಿ ಇಳಿದವರು. ಇಳಿದ ಮೇಲೆ, ಊಟಕ್ಕೆ ಇನ್ನೂ ಹೊತ್ತಿದೆಯಲ್ಲ ಎಂದು, ಒಂದು ಎಂಟುನೂರು ವರ್ಷದ ಇಗರ್ಜಿಯನ್ನು ನೋಡುತ್ತಾರೆ. ಇಲ್ಲಿ ಪ್ರತಿ ಊರಿಗೊಂದು ಅಂಥದಿದೆ, ಊರಿನ ಜನಕ್ಕಿಂತ ಇಗರ್ಜಿಯ ಕಂಬಗಳ ಮೇಲಿನ ಕಲ್ಲಿನ ಜನವೇ ಹೆಚ್ಚು. ಈ ಮಾತನ್ನು ಅಬಿಲಿಯೊ ಪ್ರತಿ ತಂಡಕ್ಕೂ ಹೇಳುತ್ತಿದ್ದ, ನಗುವಿಗಾಗಿ ಒಂದು ಕ್ಷಣ ನಿಲ್ಲುತ್ತಿದ್ದ.

ಬೀಗದಕೈ ಇದಕ್ಕೂ ಮೊದಲು ನಾಲ್ಕು ತಲೆಮಾರು ಒನೆಸಿಮಾಳ ಮನೆಯ ಅಡುಗೆಮನೆಯಲ್ಲಿ, ಬೆಳ್ಳುಳ್ಳಿ ಜಡೆಯ ಪಕ್ಕದ ಮೊಳೆಗೆ ತೂಗುತ್ತಿತ್ತು. ಅಪರಿಚಿತರು ಬಂದು ಬಾಗಿಲು ತಟ್ಟಿದರೆ ಆಕೆ ಏಪ್ರನ್ನಿಗೆ ಕೈ ಒರೆಸುತ್ತಾ ಬರುತ್ತಿದ್ದಳು, ಬೀಗ ತೆಗೆಯುತ್ತಿದ್ದಳು, ಕಂಬದ ತಲೆಯ ಬೋದಿಗೆಗಳ ಕೆತ್ತನೆಯತ್ತ ಪೊರಕೆಯ ಹಿಡಿ ತೋರಿಸಿ ಹೇಳುತ್ತಿದ್ದಳು: ಇವನು ಹಿಟ್ಟಿಗೆ ಮಣ್ಣು ಬೆರೆಸಿದ ಗಿರಣಿಯವನು, ಕಪ್ಪೆ ಅವನ ನಾಲಗೆ ಕಚ್ಚಿದೆ ನೋಡಿ, ಇವಳು ಹೆರಿಗೆ ಮಾಡಿಸೋಳು, ಇವನು ಕುರುಬ, ಎರಡೂ ಕಡೆ ಅವನ ನಾಯಿಗಳು. ಆಮೇಲೆ ಸರ್ಕಾರದವರು ಹಳೆಯ ಇಗರ್ಜಿಗಳಿಗೆಲ್ಲ ಫಲಕ ಹಾಕಿಸಿದರು, ಹೊಳಪು ಕಾಗದದ ಪುಸ್ತಿಕೆ ಹಂಚಿದರು, ಊರಿಗೊಬ್ಬ ತರಬೇತಿಯಾದ ಮಾರ್ಗದರ್ಶಿ ಬೇಕೆಂದರು. ಅಬಿಲಿಯೊ ಆಗಷ್ಟೇ ನಿವೃತ್ತನಾಗಿದ್ದ. ಒಂದು ವಾರ ತರಬೇತಿಗೆ ಹೋಗಿಬಂದ. ಬಂದ ಮರುವಾರ ಸಾನ್ತಾಂದೆರ್‌ನಿಂದ ಬಸ್ಸು ಬಂತು, ಇಪ್ಪತ್ತಮೂರು ಜನ. ಬೀಗದಕೈ ಇನ್ನೂ ಆಕೆಯ ಬಳಿಯಿತ್ತು, ಆದ್ದರಿಂದ ಆಕೆಯೇ ತೆಗೆದಳು, ಆಕೆಯೇ ಶುರು ಮಾಡಿದಳು. ಇವನು ಕುರುಬ, ಎರಡೂ ಕಡೆ ಅವನ ನಾಯಿಗಳು, ಎಂದಳು. ಅಬಿಲಿಯೊ ಹಿಂದಿನಿಂದ, ಗಂಟಲು ಸರಿಮಾಡಿಕೊಂಡು, "ಸಿಂಹಗಳು, ಒನೆಸಿಮಾ. ಸಿಂಹಗಳ ಬಾಯಿಗೆ ಎಸೆದ ಪ್ರವಾದಿ," ಎಂದ. ಯಾರೋ ಒಬ್ಬರು ಸಣ್ಣಗೆ ನಕ್ಕರು. ಕೆಟ್ಟ ನಗುವಲ್ಲ, ತಪ್ಪು ತಿದ್ದಿಸಿಕೊಂಡ ಮುದುಕಿಯ ಮೇಲೆ ಪ್ರೀತಿ ಉಕ್ಕಿ ನಕ್ಕ ನಗು. ಅದೇ ಹೆಚ್ಚು ಕೆಟ್ಟದ್ದು ಎಂದು ಅವನಿಗೆ ಆಗಲೇ ಗೊತ್ತಾಗಿತ್ತು. ಒನೆಸಿಮಾ "ಹೌದಾ" ಎಂದಳು, ಪೊರಕೆ ಕೆಳಗಿಳಿಸಿದಳು. ಎರಡು ದಿನದ ನಂತರ ಬೀಗದಕೈ ಒಂದು ಹಳೆಯ ಕಾಲುಚೀಲದೊಳಗೆ ಅವನ ಬಾಗಿಲ ಹಿಡಿಗೆ ತೂಗುತ್ತಿತ್ತು. ಹತ್ತು ಮನೆಯ ಊರಿನಲ್ಲಿ ಒಬ್ಬರನ್ನೊಬ್ಬರು ಏಳು ವರ್ಷ ಭೇಟಿಯಾಗದೆ ಇರಬೇಕಾದರೆ ಇಬ್ಬರ ಸಹಕಾರವೂ ಬೇಕು. ಆ ಮಟ್ಟಿಗೆ ಅವರಿಬ್ಬರೂ ತುಂಬ ಹೊಂದಿಕೊಂಡು ಬಾಳಿದರು.

ಹನ್ನೊಂದಕ್ಕೆ ಬಂದವರು ನಾಲ್ವರೇ, ಲೂಗೊ ಕಡೆಯ ಎರಡು ಜೋಡಿ. ಅಬಿಲಿಯೊ ಕಲ್ಲಿನ ಜನ ಹೆಚ್ಚು ಎಂಬ ಮಾತು ಹೇಳಿದ, ಹೆಂಗಸರು ನಕ್ಕರು. ಒಳಗಿನ ತಂಪು, ಮೇಣದ ವಾಸನೆ, ಎತ್ತರದ ಸೀಳುಕಿಟಕಿಯಿಂದ ಬಂದು ಎರಡನೆಯ ಕಂಬಕ್ಕೆ ತಾಗುವ ಬೆಳಕು. ಪುಸ್ತಿಕೆಯ ವಾಕ್ಯಗಳು ಅವನ ಬಾಯಿಂದ ತಾವಾಗಿಯೇ ಹೊರಬರುತ್ತಿದ್ದವು, ಕಾರ್ಖಾನೆಯ ಪಟ್ಟಾದ ಮೇಲೆ ಬಿಸ್ಕತ್ತು ಬರುವ ಹಾಗೆ, ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಸಿಂಹಗಳ ನಡುವೆ ಕೈಯೆತ್ತಿ ಪ್ರಾರ್ಥಿಸುವ ಪ್ರವಾದಿ. ಕೇಸರಗಳ ಕೆತ್ತನೆಯ ನಯವನ್ನು ಗಮನಿಸಬೇಕು. ನಾಲ್ವರಲ್ಲಿ ಒಬ್ಬ, ಕೆಂಪು ಕುತ್ತಿಗೆಯ ದಢೂತಿ ಮನುಷ್ಯ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಹತ್ತಿರ ಹೋದ.

"ಕೇಸರ ಅಂದ್ರಾ?" ಎಂದ. "ನಾನು ದನದ ಡಾಕ್ಟರು ಸ್ವಾಮಿ, ತಪ್ಪು ತಿಳ್ಕೋಬೇಡಿ. ಇದು ಕೊರಳಪಟ್ಟಿ. ಮುಳ್ಳಿನದು. ತೋಳ ಗಂಟಲಿಗೆ ಬಾಯಿ ಹಾಕದ ಹಾಗೆ ಕುರಿನಾಯಿಗೆ ಕಟ್ತಾರಲ್ಲ, ಅದು. ಮುಳ್ಳು ಎಣಿಸಬಹುದು ನೋಡಿ. ಕಿವೀನೂ ಕತ್ತರಿಸಿದ್ದಾರೆ. ಯಾವ ಸಿಂಹದ ಕಿವಿ ಯಾರು ಕತ್ತರಿಸ್ತಾರೆ?"

"ರೀ, ಅವರಿಗೆ ಹೇಳಕ್ಕೆ ಬಿಡ್ರೀ," ಎಂದಳು ಅವನ ಹೆಂಡತಿ. "ಎಲ್ಲಿ ಹೋದ್ರೂ ನಿಮಗೆ ಪ್ರಾಣಿಗಳೇ."

"ಅಲ್ಲ ಕಣೇ, ನಾಯಿ ನಾಯೀನೇ ತಾನೇ."

ಅಬಿಲಿಯೊ ನಗುಮುಖ ಮಾಡಿಕೊಂಡು, ಹಾಗೂ ಒಂದು ಅಭಿಪ್ರಾಯವಿದೆ ಎಂದ. ಆ ಹೆಂಗಸು ಅವನನ್ನು ಕನಿಕರದಿಂದ ನೋಡಿದಳು. ಅವನ ಕಿವಿಯ ತುದಿ ಬಿಸಿಯಾಯಿತು. ಬಿಲ್ಲೆಯ ಹಿಂದಿನ ಸೂಜಿ ಅಂಗಿ ದಾಟಿ ಮೈಗೆ ತಾಗಿತು, ಅಥವಾ ತಾಗಿದಂತೆನಿಸಿತು. ಆದರೆ ಒಳಗೆ ಆದದ್ದು ಅವಮಾನವಲ್ಲ ಎಂದು ಅವನಿಗೆ ಗೊತ್ತಿತ್ತು, ಅವಮಾನವಾಗಿದ್ದರೆ ಸುಲಭವಿತ್ತು. ತಿಳಿಯದೆ ತಪ್ಪಿದವನಿಗೆ ತಿಳಿಸಿದರೆ ಅವಮಾನ. ಅವನು ಆ ಮುಳ್ಳುಗಳನ್ನು ಎಣಿಸಿದ್ದ. ತರಬೇತಿಯಿಂದ ಬಂದ ಮೊದಲ ವಾರವೇ, ಒನೆಸಿಮಾಳಿಂದ ಬೀಗದಕೈ ಇಸಿದುಕೊಂಡು, ಏಣಿ ಇಟ್ಟು ಹತ್ತಿ, ಬ್ಯಾಟರಿ ಬಿಟ್ಟು ನೋಡಿದ್ದ. ಎಡಗಡೆಯದಕ್ಕೆ ಒಂಬತ್ತು ಮುಳ್ಳು, ಬಲಗಡೆಯದಕ್ಕೆ ಏಳು, ಎರಡು ಮುರಿದಿವೆ. ಅವನ ಅಜ್ಜನ ನಾಯಿಗೂ ಅಂಥದೇ ಇತ್ತು, ಚಿಕ್ಕಂದಿನಲ್ಲಿ ಅದರ ಮುಳ್ಳಿಗೆ ಸೇಬು ಚುಚ್ಚಿ ಬೈಸಿಕೊಂಡಿದ್ದ. ಏಣಿಯ ಮೇಲೆ ನಿಂತೇ ಪುಸ್ತಿಕೆ ತೆರೆದು ನೋಡಿದ: ಸಿಂಹಗಳು, ಕೇಸರ. ಅಚ್ಚಾದ ಅಕ್ಷರ, ಹೊಳಪು ಕಾಗದ. ಏಣಿ ಇಳಿಯುವಷ್ಟರಲ್ಲಿ ಅವು ಸಿಂಹಗಳಾಗಿದ್ದವು. ಸಾನ್ತಾಂದೆರ್‌ನ ಬಸ್ಸು ಬಂದದ್ದು ಅದಾದ ಮೂರು ದಿನಕ್ಕೆ. ಈ ಏಳು ವರ್ಷ ಅವನು ಒನೆಸಿಮಾಳಿಂದ ತಪ್ಪಿಸಿಕೊಂಡು ತಿರುಗಿದ್ದು ಆಕೆಯ ತಪ್ಪನ್ನು ಎಲ್ಲರೆದುರು ತಿದ್ದಿದೆ ಎಂದಲ್ಲ. ಊರಿನವರು ಹಾಗೆ ತಿಳಿದಿದ್ದರು, ಕಾಸಿಲ್ದಾ ಕೂಡ, ಅದಕ್ಕಾಗಿ ಅವನನ್ನು ಕ್ಷಮಿಸಿಯೂ ಇದ್ದಳು. ತಾನು ಮಾಡದ ತಪ್ಪಿಗೆ ಕ್ಷಮೆ ಪಡೆದುಕೊಂಡು, ಮಾಡಿದ್ದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವುದು ಒಂದು ರೀತಿಯಲ್ಲಿ ಆರಾಮವೇ ಆಗಿತ್ತು.

ನಾಲ್ವರನ್ನು ಬೀಳ್ಕೊಟ್ಟು ಬೀಗ ಹಾಕುವಾಗ ಬ್ರೆಡ್ಡಿನ ವ್ಯಾನು ಹಾರ್ನ್ ಮಾಡುತ್ತಾ ಚೌಕಕ್ಕೆ ಬಂತು. ವ್ಯಾನಿನ ಹಿಂದೆ ಬಟ್ಟೆಯ ಚೀಲ ಹಿಡಿದು ನಿಂತಿದ್ದವಳು ಎರ್ಮಿನಿಯಾ. ಸೇತುವೆಯಾಚೆಯ ಮನೆಯವಳು, ಯಾದಿಯಲ್ಲಿ ಒನೆಸಿಮಾಳ ನಂತರದವಳು.

"ಏನಪ್ಪಾ ಅಬಿಲಿಯೊ, ಮಾತೆಗೆ ನಿಮ್ಮನೆ ಊಟ ಹಿಡಿಸಿಬಿಟ್ಟಿದೆಯಂತೆ?"

"ಕಾಸಿಲ್ದಾ ಕಾಲು..."

"ಕಾಲು ಕಾಸಿಲ್ದಾದು. ನಿನಗೇನಾಗಿದೆ? ಮಾತೆಯದ್ದಂತೂ ಕಾಲೇ ಕಾಣಲ್ಲ, ಪಾಪ, ಅವಳೇ ನಡ್ಕೊಂಡು ಬರಲಿ ಅಂತೀಯಾ? ನಿನ್ನೆ ನಾನು ಬತ್ತಿ ಎಣ್ಣೆ ಎಲ್ಲಾ ತಯಾರು ಮಾಡಿ ಕೂತೆ. ಬರೋ ವಾರ ಶುಕ್ರವಾರ ನನ್ನ ಮಗಳಿಗೆ ಪರೀಕ್ಷೆ ಇದೆ, ಗೊತ್ತಲ್ಲ. ಮುಂದಿನ ಸುತ್ತಲ್ಲಿ ಮಾತೆ ನಮ್ಮನೇಲಿದ್ದ ದಿನವೇ ಪರೀಕ್ಷೆ ಬರುತ್ತೆ ಅಂತ ದಿನ ಲೆಕ್ಕ ಹಾಕಿದ್ದೆ. ಈಗ ಎಲ್ಲಾ ತಲೆಕೆಳಗಾಯ್ತು."

ಎಲ್ಲಾ ತಲೆಕೆಳಗಾಯ್ತು, ಎಂದು ಬ್ರೆಡ್ಡಿನವನೂ ತಲೆಯಾಡಿಸಿದ. ಅವನು ಪಕ್ಕದ ಊರಿನವನು, ವಿಷಯ ಗೊತ್ತಿರಲಿಲ್ಲ, ಆದರೂ ಆಡಿಸಿದ.

ಮಧ್ಯಾಹ್ನ ಊಟವಾದ ಮೇಲೆ ಅಬಿಲಿಯೊ ಪೆಟ್ಟಿಗೆಯ ಪುಟ್ಟ ಬಾಗಿಲು ಮುಚ್ಚಿ, ಕೊಂಡಿ ಹಾಕಿ, ಎತ್ತಿಕೊಂಡ. ಏನೂ ಹೇಳದಿರಲು ಕಾಸಿಲ್ದಾ ಪಡುತ್ತಿದ್ದ ಕಷ್ಟ ಬೀದಿಯ ತನಕ ಅವನ ಹಿಂದೆ ಬಂತು. ಪೆಟ್ಟಿಗೆ ಹೊರುವುದು ಹೆಂಗಸರ ಕೆಲಸ. ಇಷ್ಟು ವರ್ಷದಲ್ಲಿ ಒಬ್ಬ ಗಂಡಸು ಇದನ್ನು ಹಿಡಿದು ಬೀದಿಯಲ್ಲಿ ಹೋದದ್ದನ್ನು ಅವನು ನೋಡಿರಲಿಲ್ಲ. ಹೇಗೆ ಹಿಡಿಯಬೇಕೆಂಬುದೇ ತಿಳಿಯಲಿಲ್ಲ. ಹಿಡಿಕೆ ಹಿಡಿದು ಕೈ ಇಳಿಬಿಟ್ಟರೆ ಕೊಳಾಯಿ ರಿಪೇರಿಯವನ ಹಾಗೆ. ಎದೆಗವಚಿದರೆ ಕೂಸು ಎತ್ತಿಕೊಂಡ ಹಾಗೆ. ಕೊನೆಗೆ ಎರಡೂ ಕೈಯಲ್ಲಿ ಹೊಟ್ಟೆಯ ಮುಂದೆ ಹಿಡಿದು, ಕಾರ್ಖಾನೆಯಲ್ಲಿ ಟ್ರೇ ಹಿಡಿಯುತ್ತಿದ್ದಂತೆಯೇ, ಮೇಲಿನ ಕೇರಿಯ ಏರನ್ನು ಹತ್ತಿದ. ಮುಚ್ಚಿದ ಮನೆಗಳು, ಯಾದಿಯ ಗೆರೆಗಳೆಲ್ಲ ಇಲ್ಲಿ ಬೀಗಗಳಾಗಿ ಬಾಗಿಲಿಗೆ ತೂಗುತ್ತಿದ್ದವು. ಒಳಗೆ ಮಾತೆ ಪ್ರತಿ ಹೆಜ್ಜೆಗೂ ಗಾಜಿಗೆ ಮೆಲ್ಲನೆ ತಾಗುತ್ತಿದ್ದಳು, ಯಾರೋ ಬೆರಳ ಗಂಟಿನಿಂದ ತಟ್ಟಿ, ಸ್ವಲ್ಪ ಇಲ್ಲಿ ಕೇಳು ಎಂದಂತೆ. ದೂರದಿಂದಲೇ ಸುಟ್ಟ ಮೆಣಸಿನಕಾಯಿಯ ವಾಸನೆ ಬಂತು. ಆಕೆ ಮನೆಯಲ್ಲಿಲ್ಲದಿರಬಹುದು ಎಂದು ಆ ತನಕ ಅವನು ಬೆಳೆಸಿಕೊಂಡು ಬಂದಿದ್ದ ಸಣ್ಣ ಆಸೆ ಆ ವಾಸನೆಗೆ ಬಾಡಿತು.

ಬಾಗಿಲು ತೆರೆದೇ ಇತ್ತು. ಒನೆಸಿಮಾ ಒಳಗೆ ತಗ್ಗು ಮಣೆಯ ಮೇಲೆ ಕೂತು, ಸುಟ್ಟ ಕೆಂಪು ದೊಣ್ಣೆಮೆಣಸಿನಕಾಯಿಗಳ ಸಿಪ್ಪೆ ಸುಲಿದು ಬಾಟಲಿಗೆ ತುಂಬುತ್ತಿದ್ದಳು. ಎಪ್ಪತ್ತಾರರ ಮುಖ, ಮೊಣಕೈವರೆಗೂ ಮಸಿ. ಅವನು ಹೊಸ್ತಿಲು ದಾಟಿ ಒಳಗೆ ಬಂದು ನಿಂತ. ಬರುವ ದಾರಿಯಲ್ಲಿ ಮೂರು ಬಗೆಯಲ್ಲಿ ಮಾತು ಜೋಡಿಸಿಕೊಂಡಿದ್ದ. ಮೂರೂ ಮರೆತುಹೋದವು.

"ಪೆಟ್ಟಿಗೆ," ಎಂದ.

ಆಕೆ ತಲೆಯೆತ್ತಿ ಮೊದಲು ಪೆಟ್ಟಿಗೆಯನ್ನು, ಆಮೇಲೆ ಅವನ ಬೂಟನ್ನು ನೋಡಿದಳು.

"ಒಳಗೆ ಬಂದು ಹೇಳೋದಲ್ಲ. ಆಚೆ ನಿಂತ್ಕೊಂಡು ಹೇಳ್ಬೇಕು."

"ಏನು ಹೇಳ್ಬೇಕು?"

"ಏನು ಹೇಳ್ಬೇಕು ಅಂತಾನೆ! ನಿನ್ನ ಹೆಂಡತಿ ಗೋಡೆ ಮೇಲಿಂದ ಕುಂಬಳಕಾಯಿ ದಾಟಿಸಿದ ಹಾಗೆ ದಾಟಿಸ್ತಿದ್ಲು, ನಿನಗೆಲ್ಲಿ ಗೊತ್ತಿರುತ್ತೆ. ಹೋಗು, ಹೊಸ್ತಿಲಾಚೆ ನಿಲ್ಲು. ಟೋಪಿ."

ಅವನು ಹಿಂದೆ ಸರಿದು ಹೊಸ್ತಿಲಾಚೆ ನಿಂತ. ಎರಡೂ ಕೈಯಲ್ಲಿ ಪೆಟ್ಟಿಗೆ, ತಲೆಯ ಮೇಲೆ ಟೋಪಿ. ಪೆಟ್ಟಿಗೆಯನ್ನು ನೆಲಕ್ಕಿಡಬಾರದು ಎಂದಷ್ಟು ಅವನಿಗೆ ಗೊತ್ತಿತ್ತು. ಒನೆಸಿಮಾ ಮಂಡಿಗೆ ಕೈಯೂರಿ, ಎರಡು ಕಂತಿನಲ್ಲಿ ಎದ್ದು, ಹತ್ತಿರ ಬಂದು, ಮಸಿಗೈಯಿಂದ ಅವನ ಟೋಪಿಯನ್ನು ತಲೆಯಿಂದ ಕಿತ್ತು ಅವನದೇ ಕಂಕುಳಿಗೆ ಸಿಕ್ಕಿಸಿದಳು. ಬೋಳು ನೆತ್ತಿಗೆ ಗಾಳಿ ತಾಗಿತು. ಎದುರು ಮನೆಯ ಕಿಟಕಿಯ ಪರದೆ ಅಲ್ಲಾಡಿತೋ ಇಲ್ಲವೋ, ಆ ಮನೆ ಬೀಗ ಹಾಕಿ ಐದು ವರ್ಷವಾಗಿತ್ತು, ಆದರೂ ಅಲ್ಲಾಡಿದಂತೆನಿಸಿತು.

"ಹೇಳು. 'ಈ ಮನೆಗೆ ಸಮಾಧಾನ.'"

"ಈ ಮನೆಗೆ ಸಮಾಧಾನ."

"'ನಡೆದು ದಣಿದವಳಿಗೆ ಜಾಗ ಇದೆಯಾ?'"

"ನಡೆದು ದಣಿದವಳಿಗೆ ಜಾಗ ಇದೆಯೇ?"

"ಇದೆಯೇ ಪದೆಯೇ ಬೇಡ, ಪುಸ್ತಕ ಓದ್ತಾ ಇಲ್ಲ ನೀನು. ಕೇಳು. ನಿಜವಾಗ್ಲೂ ಕೇಳೋ ಹಾಗೆ ಕೇಳು."

"ಜಾಗ ಇದೆಯಾ?" ಎಂದ ಅಬಿಲಿಯೊ. ತನ್ನ ದನಿ ತನಗೇ ಅಪರಿಚಿತವಾಗಿ, ಸಣ್ಣದಾಗಿ ಕೇಳಿಸಿತು.

"ಜಾಗ ಚಿಕ್ಕದು, ಅವಳಿಗೆ ಸಾಕು," ಎಂದಳು ಒನೆಸಿಮಾ. ಅದು ಉತ್ತರದ ಪದ್ಧತಿ ಇರಬೇಕು. "ಈಗ ಬಾ. ಆ ಕಪಾಟಿನ ಮೇಲಿಡು. ಬತ್ತಿ ನೀನೇ ಹಚ್ಚು, ನನ್ನ ಕೈ ನೋಡು ಹೆಂಗಿದೆ."

ಅವನು ಪೆಟ್ಟಿಗೆಯಿಟ್ಟು, ಬಾಗಿಲು ತೆರೆದು, ಬತ್ತಿ ಹಚ್ಚಲು ಮೂರು ಕಡ್ಡಿ ಗೀರಿದ. ಆಕೆ ಮತ್ತೆ ಮಣೆಯ ಮೇಲೆ ಕೂತು ಸಿಪ್ಪೆ ಸುಲಿಯತೊಡಗಿದ್ದಳು. ಹೋಗು ಎನ್ನಲಿಲ್ಲ, ಕೂರು ಎನ್ನಲಿಲ್ಲ. ನೆಲ ಬೆಚ್ಚಗಿತ್ತು, ಆಕೆ ಇನ್ನೂ ಹಳೆಯ ಕ್ರಮದಲ್ಲಿ ನೆಲದಡಿಯ ಗೂಡಿನಲ್ಲಿ ಹುಲ್ಲುರಿಸುತ್ತಿದ್ದಳು, ಬಿಸಿ ಬೂಟಿನ ಅಟ್ಟೆ ದಾಟಿ ಪಾದಕ್ಕೆ ಬರುತ್ತಿತ್ತು. ಚಿಕ್ಕಂದಿನಲ್ಲಿ ಇದೇ ನೆಲದ ಮೇಲೆ, ಅವನ ತಾಯಿ ಗದ್ದೆಗೆ ಹೋದ ದಿನಗಳಲ್ಲಿ, ಅವನನ್ನು ಬೋರಲು ಮಲಗಿಸಿ ಹತ್ತು ವರ್ಷ ದೊಡ್ಡವಳಾದ ಒನೆಸಿಮಾ ಕೂದಲಿಂದ ಹೇನು ಹೆಕ್ಕುತ್ತಿದ್ದಳು. ಗೋಡೆಯಲ್ಲಿ ಬೆಳ್ಳುಳ್ಳಿ ಜಡೆ ಇತ್ತು. ಪಕ್ಕದ ಮೊಳೆಗೆ ಈಗ ಒಂದು ಕ್ಯಾಲೆಂಡರು.

"ಇವತ್ತು ಲೂಗೊ ಕಡೆಯಿಂದ ಒಬ್ಬ ದನದ ಡಾಕ್ಟರು ಬಂದಿದ್ದ," ಎಂದ.

"ಹೂಂ."

"ಅವು ನಾಯಿಗಳು ಅಂದ."

"ದನದ ಡಾಕ್ಟರಲ್ವಾ, ಗೊತ್ತಿರುತ್ತೆ." ಒಂದು ಸಿಪ್ಪೆ ಅಖಂಡವಾಗಿ ಎದ್ದು ಬಂತು, ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿ ಬದಿಗೆ ಹಾಕಿದಳು. "ಅವನು ಹೇಳ್ದ ಅಂತ ಬಂದ್ಯಾ?"

ಹೌದು ಎಂದರೆ ಇಲ್ಲಿಗೇ ಮುಗಿಯುತ್ತಿತ್ತು. ನನಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು, ತಪ್ಪಾಯಿತು. ಗೌರವಸ್ಥರು ಹೇಳಬಹುದಾದ, ಕೇಳಬಹುದಾದ ಮಾತು. ಆ ಮಾತು ನಾಲಗೆಯ ಮೇಲೆ ಬಂದು ಕೂತಿತ್ತು ಕೂಡ, ದುಂಡಗೆ, ಅಂಚು ಮುರಿಯದೆ.

"ಇಲ್ಲ," ಎಂದ ಅಬಿಲಿಯೊ. "ನನಗೆ ಆವತ್ತೇ ಗೊತ್ತಿತ್ತು. ಬಸ್ಸು ಬರೋಕೂ ಮುಂಚೆ. ಏಣಿ ಹತ್ತಿ ನೋಡಿದ್ದೆ. ಪುಸ್ತಕದಲ್ಲಿ ಸಿಂಹ ಅಂತಿತ್ತು, ಅದಕ್ಕೆ ಸಿಂಹ ಅಂದೆ."

ಒನೆಸಿಮಾಳ ಕೈ ನಿಂತಿತು. ಆಕೆ ಬೈಯಲಿ ಎಂದು ಅವನು ಕಾದ, ಬೈದಿದ್ದರೆ ಸಮಾಧಾನವಿತ್ತು. ಆಕೆ ಅವನ ಕಡೆ ನೋಡುತ್ತಲೂ ಇರಲಿಲ್ಲ, ಬಾಗಿಲಾಚೆ, ಇಳಿಜಾರಿನ ಕೆಳಗೆ ಕಾಣುವ ರಸ್ತೆಯ ತುಂಡನ್ನು ನೋಡುತ್ತಿದ್ದಳು.

"ಎಷ್ಟು ಜನ ಇದ್ರು ಆವತ್ತು?"

"ಇಪ್ಪತ್ತಮೂರು."

"ಇಪ್ಪತ್ತಮೂರು ಜನ. ಈಗ ಅವರು ಎಲ್ಲಿ ಸಿಗ್ತಾರೆ?" ಎಂದಳು ಒನೆಸಿಮಾ, ಸಿಟ್ಟಿಲ್ಲದೆ, ಕಳೆದುಹೋದ ಕುರಿಯನ್ನು ಕೇಳುವ ಹಾಗೆ. "ನನಗೆ ನೀನು ಹೇಳಿದ್ರೆಷ್ಟು ಬಿಟ್ರೆಷ್ಟು. ನಾಯಿ ಅಂತ ನನಗೆ ಮೊದಲಿಂದ ಗೊತ್ತು. ಅವರಿಗೆ ಹೇಳ್ಬೇಕಾಗಿತ್ತು. ಅವರು ಸಾನ್ತಾಂದೆರ್‌ಗೆ ಹೋಗಿ, ಆ ಊರಲ್ಲಿ ಒಂದು ಮುದುಕಿ ಇದ್ಲು, ಸಿಂಹಾನ ನಾಯಿ ಅಂತಿದ್ಲು, ಅಂತ ನಗ್ತಾ ಊಟ ಮಾಡಿರ್ತಾರೆ. ಅರ್ಧ ಜನ ಸತ್ತೂ ಹೋಗಿರ್ತಾರೆ. ಹಾಗೆ ನಕ್ಕೊಂಡೇ."

ಅವನು ಜೇಬಿಗೆ ಕೈ ಹಾಕಿ ಬೀಗದಕೈ ತೆಗೆದು ಮೇಜಿನ ಮೇಲಿಡಹೋದ.

"ಅದು ಬೇಡ. ನನ್ನ ಮಂಡೀಲಿ ಇಗರ್ಜಿ ಮೆಟ್ಟಿಲು ಹತ್ತಕ್ಕಾಗಲ್ಲ. ಜೇಬಲ್ಲೇ ಇಟ್ಕೋ." ಬಾಟಲಿಯ ಬಾಯಿ ಒರೆಸಿದಳು. "ನಾಳೆ ಹತ್ತು ಗಂಟೆಗೆ ಬಾ. ಎರ್ಮಿನಿಯಾ ಮನೆ ತನಕ ಪೆಟ್ಟಿಗೆ ಹೊರೋಕೆ ನನ್ನಿಂದಾಗಲ್ಲ. ಇಷ್ಟು ದಿನ ಉರ್ಬಾನಾ ಬಂದು ಹೊರ್ತಿದ್ಲು. ನಾನು ಬರೀ ಜೊತೇಲಿ ಹೋಗ್ತಿದ್ದೆ."

"ನಾಳೆ ಹತ್ತಕ್ಕೆ ಬುರ್ಗೋಸ್‌ನಿಂದ ದೊಡ್ಡ ತಂಡ ಬರುತ್ತೆ. ನಲವತ್ತು ಜನ."

"ಕಲ್ಲು ಎಂಟುನೂರು ವರ್ಷ ಕಾದಿದೆಯಂತಲ್ಲ, ನೀನೇ ಹೇಳ್ತಿರ್ತೀಯ. ಅವರು ಅರ್ಧ ಗಂಟೆ ಕಾಯ್ಲಿ."

ಮರುದಿನ ಇಳಿಜಾರಿನಲ್ಲಿ ಒನೆಸಿಮಾ ಮುಂದೆ, ಪೆಟ್ಟಿಗೆ ಹಿಡಿದ ಅಬಿಲಿಯೊ ಹಿಂದೆ. ಆಕೆ ಕಪ್ಪು ಬಟ್ಟೆ ಹಾಕಿ, ತಲೆ ಬಾಚಿ, ಕೋಲು ಊರಿಕೊಂಡು ಎಷ್ಟು ಮೆಲ್ಲಗೆ ನಡೆಯುತ್ತಿದ್ದಳೆಂದರೆ ಅವನಿಗೆ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚಾಗಿತ್ತು. ಹೊಳೆಯಿಂದೆದ್ದ ಮಂಜು ಪಾಪ್ಲರ್ ಮರಗಳ ಸೊಂಟದವರೆಗಿತ್ತು. ಮೇಲಿನ ಹಳದಿ ಮಾತ್ರ ಗಾಳಿಯಲ್ಲಿ ತೇಲುತ್ತಿತ್ತು. ಸೇತುವೆಗೆ ಹೋಗುವ ದಾರಿ ಇಗರ್ಜಿಯ ಬಾಗಿಲ ಮುಂದೆಯೇ. ಅಲ್ಲಿ ಬುರ್ಗೋಸ್‌ನ ನಲವತ್ತು ಜನ ಕೋಟಿನ ಕಾಲರ್ ಎತ್ತಿಕೊಂಡು, ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದರು. ಮುದುಕಿ, ಅವಳ ಹಿಂದೆ ಬಿಲ್ಲೆ ಸಿಕ್ಕಿಸಿಕೊಂಡು ಬರಿದಲೆಯಲ್ಲಿ ಪೆಟ್ಟಿಗೆ ಹೊತ್ತ ಗಂಡಸು. ಫೋನುಗಳು ಮೇಲೆದ್ದವು. ಅವನು ನೆಲ ನೋಡುತ್ತ ನಡೆದ, ಆದರೆ ಒನೆಸಿಮಾ ಸರಿಯಾಗಿ ಅವರ ನಡುವೆ ಬಂದು ಉಸಿರು ತೆಗೆದುಕೊಳ್ಳಲು ನಿಂತಳು.

"ಎಷ್ಟು ಚೆನ್ನಾಗಿದೆ!" ಎಂದಳು ಕೆಂಪು ಶಾಲಿನ ಹೆಂಗಸೊಬ್ಬಳು. ಅವಳು ಕೇಳಿದ್ದು ಬಿಲ್ಲೆಯನ್ನು ನೋಡಿ, ಅಬಿಲಿಯೊನನ್ನು: "ಇದು ಎಷ್ಟು ಹಳೇದು, ಸರ್? ಎಲ್ಲಿಂದ ಬಂತು?"

ಅವನು ಬಾಯಿ ತೆರೆದ. ಆ ಪೆಟ್ಟಿಗೆ ಬಂದಾಗ ಅವನಿಗೆ ಆರು ವರ್ಷ. ಮೂವತ್ತು ಮನೆಯವರು ಸೇರಿ, ಕ್ಯಾಟಲಾಗಿನಲ್ಲಿ ಬಣ್ಣದ ಚಿತ್ರ ನೋಡಿ ಆರಿಸಿ, ಅಂಚೆಯಲ್ಲಿ ತರಿಸಿದ್ದು. ಅದನ್ನು ಸುತ್ತಿ ತಂದ ಹುಲ್ಲು ಅವನ ಮೊಲಗಳ ಗೂಡಿಗೆ ಹೋಗಿತ್ತು.

"ಇದಾ?" ಎಂದಳು ಒನೆಸಿಮಾ, ಅವನು ಉಸಿರೆಳೆದುಕೊಳ್ಳುವಷ್ಟರಲ್ಲಿ. "ಇದು ರೋಮಿನಿಂದ ಬಂದಿದ್ದು. ನಮ್ಮೂರಿನ ಒಬ್ಬ ಪಾದ್ರಿ, ಮುನ್ನೂರು ವರ್ಷದ ಹಿಂದೆ, ಬೆನ್ನ ಮೇಲೆ ಹೊತ್ಕೊಂಡು ನಡೆದೇ ತಂದ್ರು."

ಹೇಳಿ ಅವನ ಕಡೆಗೆ ತಿರುಗಿದಳು. ನಲವತ್ತು ಮುಖಗಳೂ ತಿರುಗಿದವು, ಬಿಲ್ಲೆಯ ಕಡೆಗೆ. ಮುನ್ನೂರು ವರ್ಷದ ಪೆಟ್ಟಿಗೆಗೆ ಈ ಕಾಲದ ನಕ್ಷತ್ರ ತಲೆಯ ತಿರುಪುಮೊಳೆಗಳು ಹೇಗೆ ಬಂದವೆಂದು ಅವರಲ್ಲಿ ಯಾರಾದರೂ ಬಗ್ಗಿ ನೋಡಿದ್ದರೆ ಕೇಳುತ್ತಿದ್ದರು. ಕೈಯಲ್ಲಿ ಪೆಟ್ಟಿಗೆ ಭಾರವಾಗಿತ್ತು.

"ಹೌದು," ಎಂದ ಅಬಿಲಿಯೊ. "ನಡೆದೇ ತಂದಿದ್ದು." ಯಾಕೋ ಅಷ್ಟು ಸಾಲದೆನಿಸಿತು. "ಅದೂ ಡಿಸೆಂಬರ್‌ನಲ್ಲಿ. ಹಿಮದಲ್ಲಿ."

ಅಬ್ಬಾ ಎಂದರು ಒಂದಿಬ್ಬರು. ಕೆಂಪು ಶಾಲಿನವಳು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಗುಂಪು ಎರಡಾಗಿ ಸರಿದು ದಾರಿ ಬಿಟ್ಟಿತು. ಒನೆಸಿಮಾ ತಲೆಯೆತ್ತಿಕೊಂಡು, ಕೋಲನ್ನು ಹಿಂದೆಂದಿಗಿಂತ ಮೆಲ್ಲಗೆ ಊರುತ್ತಾ, ನಡುವೆ ನಡೆದು ಹೋದಳು. ಸೇತುವೆಯ ನಡುಮಧ್ಯದ ತನಕ ಬಂದಳು. ಅಲ್ಲಿ ಕಲ್ಲಿನ ಕಟ್ಟೆಗೆ ಒರಗಿ ನಿಂತಳು. ಕೆಳಗೆ ನೀರು ಸದ್ದಿಲ್ಲದೆ ಹರಿಯುತ್ತಿತ್ತು.

"ಡಿಸೆಂಬರ್ ಯಾಕೋ ಸೇರಿಸ್ದೆ, ದಡ್ಡ?" ಎಂದಳು. "ಪಾರ್ಸೆಲ್ ಬಂದಿದ್ದು ಮೇ ತಿಂಗಳಲ್ಲಿ. ಸಹಿ ಹಾಕಿ ಬಿಡಿಸ್ಕೊಂಡವಳೇ ನಾನು."